ಮಾದಮ್ಮ ಹೇಳಿ ಬರೆಸಿದ್ದು

ಪಾಂಡವಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ದೇವರಾಜುವಿಗೆ ತನ್ನ ಮನೆತನದ ಚರಿತ್ರೆ ಬರೆದು ಅಚ್ಚು ಹಾಕಿಸುವ ಆಸೆ ಹುಟ್ಟಿದ್ದು ತೊಂಬತ್ತೇಳರಲ್ಲಿ, ಅಪ್ಪ ತೀರಿಕೊಂಡ ಮೇಲೆ. ತಾತ ಪಟೇಲರಾಗಿದ್ದವರು. ಹೋರಾಡಿ ಊರಿಗೆ ನಾಲೆ ನೀರು ತಂದವರೆಂದು ಹೆಸರಿತ್ತು. ಹಳೆಯ ಪತ್ರಿಕೆಯಲ್ಲಿ ಅದಕ್ಕೆ ಸಾಕ್ಷಿ ಸಿಕ್ಕೀತೆಂದು ಅವನು ಭಾನುವಾರಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗತೊಡಗಿದ. ಅಲ್ಲಿ ಕೋಟೆಯೊಳಗೆ ಶಾಮಣ್ಣನವರ ಪ್ರೆಸ್ಸಿತ್ತು. ಅವರ ತಂದೆ ನಡೆಸುತ್ತಿದ್ದ ‘ದ್ವೀಪವಾರ್ತೆ’ ವಾರಪತ್ರಿಕೆಯ ಸಂಚಿಕೆಗಳನ್ನು ವರ್ಷವಾರು ಹೊಲಿದು ಬೀರುವಿನಲ್ಲಿಟ್ಟಿದ್ದರು. ಬೇರೆಲ್ಲೂ ಪ್ರತಿ ಉಳಿದ ಸುದ್ದಿಯಿರಲಿಲ್ಲ.

“ನಿಧಾನವಾಗಿ ತಿರುಗಿಸಿ, ಕಾಗದ ಪುಡಿಯಾಗತ್ತೆ,” ಎಂದಷ್ಟೇ ಹೇಳಿ ಶಾಮಣ್ಣ ಅವನೊಬ್ಬನನ್ನೇ ಬಿಟ್ಟು ಒಳಗೆ ಹೋಗುತ್ತಿದ್ದರು.

ಮೂವತ್ತೊಂಬತ್ತನೇ ಇಸವಿಯ ಕಟ್ಟಿನಲ್ಲಿ ತಾತನ ಹೆಸರು ಕಣ್ಣಿಗೆ ಬಿತ್ತು. ನೀರಿನ ಸುದ್ದಿಯಲ್ಲ, ಒಂದು ಪ್ರಕಟಣೆ. ‘ನನ್ನ ಮಗಳು ಮಾದಮ್ಮ ಗಂಡನ ಮನೆ ಬಿಟ್ಟು ಓಡಿಹೋಗಿರುತ್ತಾಳೆ. ಅವಳಿಗೂ ನಮಗೂ ಸಂಬಂಧವಿಲ್ಲ. ನಮ್ಮ ಪಾಲಿಗೆ ಸತ್ತವಳು.’

ಮಾದಮ್ಮ ಎಂದರೆ ಅಪ್ಪನ ಅಕ್ಕ. ಬಟ್ಟೆ ಒಗೆಯಲು ಹೋಗಿ ನಾಲೆಯ ಪಾಲಾದಳು ಎಂದೇ ಮನೆಯಲ್ಲಿ ಹೇಳುತ್ತಿದ್ದದ್ದು. ದೇವರಾಜು ಅವಸರದಿಂದ ಮುಂದಿನ ಸಂಚಿಕೆಗಳನ್ನು ತಿರುವಿದ. ಅಲ್ಲಿ ಅವಳ ಉತ್ತರವೂ ಇತ್ತು.

‘ತಂದೆಯವರು ಹೇಳಿರುವುದು ಸುಳ್ಳು. ನಾನು ಓಡಿಹೋಗಲಿಲ್ಲ. ಗಂಡನ ಏಟು ತಾಳಲಾರದೆ ತವರಿಗೆ ಬಂದೆನು. ಬಾಗಿಲು ತೆಗೆಯಲಿಲ್ಲ. ಒಡಹುಟ್ಟಿದ ತಮ್ಮ ಕಿಟಕಿಯಿಂದ ನೋಡಿ ಒಳಕ್ಕೆ ಹೋದನು. ಈಗ ಕೃಷ್ಣರಾಜಪೇಟೆಯ ಛತ್ರದಲ್ಲಿ ಅಡುಗೆ ಮಾಡಿಕೊಂಡು ಮಾನವಾಗಿದ್ದೇನೆ. ನಾನು ಸತ್ತಿಲ್ಲ.’ ಕೆಳಗೆ, ‘ಮಾದಮ್ಮ, ಹೇಳಿ ಬರೆಸಿದ್ದು’ ಎಂದಿತ್ತು.

ಅವನಿಗೆ ಮೊದಲು ಹೊಳೆದದ್ದು ಆ ಹೆಣ್ಣುಮಗಳ ಸಂಕಟವಲ್ಲ, ಜಮೀನು. ಹೆಣ್ಣುಮಕ್ಕಳಿಗೂ ಪಾಲುಂಟು ಎಂಬ ಮಾತು ಆಗ ಎಲ್ಲರ ಬಾಯಲ್ಲಿತ್ತು. ತಾತನ ಗದ್ದೆಯೆಲ್ಲ ಅವನ ಹೆಸರಿಗೆ ಬರುವುದರಲ್ಲಿತ್ತು. ಮನೆತನದ ಮಾನ ಉಳಿಸುತ್ತಿದ್ದೇನೆ ಎಂದು ಮನಸ್ಸಿಗೆ ಹೇಳಿಕೊಂಡು, ಆ ಉತ್ತರವಿದ್ದ ಪುಟವನ್ನು ಹರಿದು ಅಂಗಿಯೊಳಗೆ ತೂರಿಸಿದ. ಅಷ್ಟರಲ್ಲಿ ಶಾಮಣ್ಣ ಕಾಫಿ ತಂದರು.

“ಏನಾದ್ರೂ ಸಿಕ್ತಾ?”

“ಇಲ್ಲ ಸಾರ್.”

ಹಾಗೆಂದು ಆ ಕಾಫಿಯನ್ನೂ ಕುಡಿದ. ಹೊರಗೆ ಬಂದವನು ಸೇತುವೆಯ ಮೇಲೆ ನಿಂತು ಪುಟವನ್ನು ಚೂರು ಮಾಡಿ ಹೊಳೆಗೆ ಬಿಟ್ಟ.

ಆದರೂ ಮನಸ್ಸು ತಡೆಯಲಿಲ್ಲ. ವಾರಸುದಾರರು ಯಾರಾದರೂ ಇದ್ದಾರೋ ತಿಳಿಯಬೇಕಿತ್ತು. ಕೆ.ಆರ್. ಪೇಟೆಗೆ ಹೋಗಿ ಹಳೇ ಛತ್ರದ ಬಳಿ ವಿಚಾರಿಸಿದರೆ, ಎದುರಿಗೇ ಇದ್ದ ಮಾದಮ್ಮನ ಹೋಟ್ಲನ್ನು ತೋರಿಸಿದರು. ಮಾದಮ್ಮ ಕಣ್ಣು ಮುಚ್ಚಿ ಆರು ವರ್ಷವಾಗಿತ್ತು. ಈಗ ನಡೆಸುತ್ತಿದ್ದವಳು ಅವಳ ಮಗಳು ಪಾರ್ವತಮ್ಮ, ಅರವತ್ತಕ್ಕೆ ಹತ್ತಿರವಾದ ಹೆಂಗಸು. ದೇವರಾಜು ತನ್ನ ಊರು, ಅಪ್ಪನ ಹೆಸರು ಹೇಳುತ್ತಲೇ ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

“ನೀನು ನನ್ ಸೋದರಮಾವನ ಮಗ. ಕೂತ್ಕೊ. ಮುದ್ದೆ ಬಿಸಿ ಅದೆ.”

“ಊಟ ಬ್ಯಾಡ ಕಣತ್ತಿಗೆ. ನಿಮಗೆ... ನಮ್ಮನೆ ಇಚಾರ ಎಲ್ಲಾ ಗೊತ್ತಾ?”

“ಗೊತ್ತು. ಯಾಕೆ, ಜಮೀನ್ ಕೇಳಕ್ ಬತ್ತೀವಿ ಅಂತ ಎದ್ರಿಕೊಂಡ್ ಬಂದ್ಯಾ?”

ಅವನ ಮುಖ ಕೆಂಪಾಯಿತು. ಪಾರ್ವತಮ್ಮ ಎಲೆ ಹಾಕಿ ಮುದ್ದೆ ಬಡಿಸಿ, ಮೇಲೆ ಸಾರು ಬಿಟ್ಟಳು.

“ನಮ್ಗೇನೂ ಬ್ಯಾಡ ಕಣಪ್ಪ. ಬೇಕು ಅಂದ್ರೆ ಒಂದೇ. ನಮ್ಮವ್ವ ಯಾವಾಗ್ಲೂ ಅನ್ನೋಳು, ‘ನಮ್ಮಪ್ಪ ಪೇಪರ್‌ನಲ್ಲಿ ಆಕ್ಸಿದ್ರೆ ನಾನೂ ಆಕ್ಸಿದ್ದೀನಿ’ ಅಂತ. ಓದಕ್ ಬರ್ದಿರೋಳು ಅದೆಂಗ್ ಆಕ್ಸಿದ್ಲು ಅಂತ ನಾವೆಲ್ಲ ನಕ್ಕುಬುಡ್ತಿದ್ವು. ಸಾಯೋವಾಗ್ಲೂ ನಂಬ್ಲಿಲ್ಲ ನಾನು. ನೀನು ಕಚೇರೀಲಿ ಇರೋನು. ಅಂಥದೇನಾರ ಉಳ್ಕೊಂಡಿದ್ರೆ ಉಡುಕ್‌ಕೊಡ್ತೀಯಾ?”

ದೇವರಾಜು ಮುರಿದ ತುತ್ತನ್ನು ಎಲೆಯಲ್ಲೇ ಇಟ್ಟ. ಸುಳ್ಳು ಹೇಳಬಹುದಿತ್ತು, ನಾಲಿಗೆಯ ತುದಿಗೂ ಬಂದಿತ್ತು.

“ಇತ್ತು ಅತ್ತಿಗೆ,” ಎಂದ. “ನಾನ್ ಓದ್ದೆ. ಅವರು ಯೋಳಿದ್ದು ನಿಜ.”

“ಎಲ್ಲೈತೆ?”

“ಹರ್ದು ಒಳೇಗ್ ಆಕ್‌ಬುಟ್ಟೆ.”

ಪಾರ್ವತಮ್ಮ ಅವನನ್ನೇ ನೋಡಿದಳು. ಅವನು ತಲೆ ತಗ್ಗಿಸಿಕೊಂಡೇ, ನೆನಪಿದ್ದ ಸಾಲುಗಳನ್ನು ಒಂದೊಂದಾಗಿ ಹೇಳಿದ. ‘ನಾನು ಸತ್ತಿಲ್ಲ’ ಎಂಬಲ್ಲಿಗೆ ಬಂದಾಗ ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು.

“ಬರ್ಕೊಡ್ಲಾ?” ಎಂದ.

“ನೀನ್ ಬರ್ದ್ರೆ ಅದು ನಿನ್ನ ಅಕ್ಷರ ಆಯ್ತದೆ,” ಎಂದಳು ಅವಳು. “ಉಣ್ಣು. ಎಲೆ ಮುಂದಿಂದ ಏಳ್‌ಬ್ಯಾಡ.”

ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವಳು ಬೇರೆ ಗಿರಾಕಿಗಳ ಕಡೆ ಹೋದಳು. ಅವನು ಹಾಕಿದ್ದನ್ನೆಲ್ಲ ಉಂಡು ಎದ್ದ.

ಮಾರನೆಯ ಭಾನುವಾರ ಶಾಮಣ್ಣನವರಿಗೂ ಹೇಳಿದ. ಅವರು ಕಟ್ಟು ಬಿಚ್ಚಿ, ಹೊಲಿಗೆಯ ಪಕ್ಕ ಉಳಿದಿದ್ದ ಕಾಗದದ ಅಂಚನ್ನು ಬೆರಳಿನಿಂದ ಸವರಿದರು.

“ಆ ತಾಯಿ ಹೇಳಿದ್ದನ್ನ ಬರೆದುಕೊಂಡಿದ್ದು ನಮ್ಮ ತಂದೆಯವರೇ ಇರಬೇಕು,” ಎಂದರು. “ಈಗ ನಿಮ್ಮ ತಾತನ ಮಾತು ಮಾತ್ರ ಉಳೀತು. ಮುಂದೆ ಓದೋರು ಅದನ್ನೇ ನಿಜ ಅಂತಾರೆ.” ಆಮೇಲೆ ಬೀರುವಿಗೆ ಬೀಗ ಹಾಕಿದರು. ಕಾಫಿಗೆ ಕರೆಯಲಿಲ್ಲ.

ದೇವರಾಜು ಪುಸ್ತಕದ ಯೋಚನೆ ಬಿಟ್ಟ. ಆ ಸಂಚಿಕೆಯ ಇನ್ನೊಂದು ಪ್ರತಿಗಾಗಿ ಹುಡುಕಾಟ ಹಿಡಿದ. ಹಳೇ ಚಂದಾದಾರರ ಮನೆಗಳನ್ನು ಕೇಳಿ ತಿಳಿದು ಮೇಲುಕೋಟೆಗೆ ಹೋದ, ಊರೂರು ತಿರುಗಿದ. ಅಟ್ಟ ಹತ್ತಿದ, ಗೆದ್ದಲು ತಿಂದ ಪೆಟ್ಟಿಗೆಗಳನ್ನು ಕೆದಕಿದ. ಮೊದಮೊದಲು ಯಾರು ಕೇಳಿದರೂ ‘ತಾತನ ಸುದ್ದಿ ಹುಡುಕುತ್ತಿದ್ದೇನೆ’ ಎಂದು ತೇಲಿಸಿಬಿಡುತ್ತಿದ್ದ.

ನಾಗಮಂಗಲದಲ್ಲಿ ರಂಗಸ್ವಾಮಿ ಎಂಬ ನಿವೃತ್ತ ಮೇಷ್ಟರ ಮನೆಗೆ ಹೋದಾಗ, ಅವರು ಹೆಂಡತಿ ಮಕ್ಕಳೆದುರಿಗೇ ಕೇಳಿದರು: “ಒಂದು ಸಂಚಿಕೆಗೆ ಇಷ್ಟು ಅಲೆದಾಟ ಯಾಕಪ್ಪ? ಶಾಮಣ್ಣನ ಹತ್ರ ಇರ್ಬೇಕಲ್ಲ?”

“ಇತ್ತು ಮೇಷ್ಟ್ರೇ,” ಎಂದ ದೇವರಾಜು. “ನಮ್ಮತ್ತೆ ಬರೆಸಿದ್ ಮಾತು ಅದ್ರಲ್ಲಿತ್ತು. ಜಮೀನಿನ್ ಆಸೆಗೆ ನಾನೇ ಹರ್ದ್‌ಹಾಕ್ದೆ.”

ನೀರು ತಂದಿದ್ದ ಮೇಷ್ಟರ ಹೆಂಡತಿ ಲೋಟವನ್ನು ಕೈಗೆ ಕೊಡದೆ ಪಕ್ಕದಲ್ಲಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ರಂಗಸ್ವಾಮಿ ಎದ್ದು ಏಣಿ ತಂದು ಅಟ್ಟಕ್ಕೆ ಒರಗಿಸಿದರು. ಅಲ್ಲಿಯೂ ಅದು ಸಿಗಲಿಲ್ಲ.