ಬೆಂಕಿ ಬಿದ್ದ ಮನೆಯ ಚಹಾ

ದಿನಕ್ಕೆ ಹದಿನೈದು ಬಸಿ ಚಹಾ ಹೀರುವ ಮಾಳಿಂಗಪ್ಪನವರು, ಅಫಜಲಪುರದ ಅಗ್ನಿಶಾಮಕ ದಳದಲ್ಲಿ ದುಡಿದ ಮೂವತ್ತೊಂದು ವರ್ಷಗಳಲ್ಲಿ ಬೆಂಕಿ ಬಿದ್ದ ಮನೆಯಲ್ಲಿ ಮಾತ್ರ ಒಂದು ಗುಟುಕೂ ಕುಡಿದವರಲ್ಲ. ಅದೇ ಠಾಣೆಯಲ್ಲಿ ಗಾಡಿ ಓಡಿಸಿದ ತಂದೆ ರೇವಣಸಿದ್ಧಪ್ಪನವರು ಹಾಕಿಕೊಟ್ಟ ನೇಮವದು: "ಅವರ ಮನ್ಯಾಗ ಏನ್ ಉಳದದೋ ಏನೋ, ಹನಿ ನೀರೂ ಮುಟ್ಟಬ್ಯಾಡ."

ನಡೆಯುವಾಗ ಅವರ ಬಲ ಹೆಗಲು, ನೀರಿನ ಪೈಪು ಈಗಲೂ ಅಲ್ಲೇ ಇದೆಯೋ ಎಂಬಂತೆ ತುಸು ಜಗ್ಗಿರುತ್ತದೆ. ಎದುರಾದವರ ಕ್ಷೇಮಕ್ಕಿಂತ ಮೊದಲು "ಗಾಳಿ ಯಾ ಕಡಿ ಅದರಿ?" ಎಂದು ವಿಚಾರಿಸುತ್ತಾರೆ. ನಿವೃತ್ತರಾಗಿ ಮಣ್ಣೂರಿಗೆ ಬಂದ ಮೇಲೂ ತಂದೆಯ ಖಾಕಿ ಕೋಟಿನ ಹಿತ್ತಾಳೆ ಗುಂಡಿಗಳನ್ನು ಪ್ರತಿ ಸೋಮವಾರ ಹುಣಸೆಹಣ್ಣಿನಿಂದ ತಿಕ್ಕುತ್ತಾರೆ. ದೇವರ ಸಾಮಾನಿನ ಸರದಿ ಆಮೇಲೆ.

ಹಿಂದೊಮ್ಮೆ ಗಾಣಗಾಪುರದ ಕಾಶಿಬಾಯಿಯ ಕಾಯಿ-ಕರ್ಪೂರದ ಅಂಗಡಿಗೆ ಕಿಡಿ ಹಾರಿದಾಗ, ಅರ್ಧ ಅಂಗಡಿಯನ್ನು ಉಳಿಸಿಕೊಟ್ಟವರು ಇವರೇ. ಆಕೆ ಕಾಸಿ ತಂದ ಚಹಾ ಆಕೆಯ ಕೈಯಲ್ಲೇ ಆರಿತು. ಡ್ಯೂಟಿ ಎಂದು ಹೇಳಿ ಗಾಡಿ ಹತ್ತಿದ ಮಾಳಿಂಗಪ್ಪನವರಿಗೆ ತಮ್ಮ ನಿಸ್ಪೃಹತೆಯ ಬಗ್ಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಈ ಬೇಸಿಗೆಯಲ್ಲಿ ಅವರದೇ ಹಿತ್ತಲಿನ ಜೋಳದ ಕಣಿಕೆಯ ಬಣವೆ ಹೊತ್ತಿಕೊಂಡಿತು. ಠಾಣೆಯಿಂದ ಬಂದ ಗಾಡಿಯಿಂದ ಜಿಗಿದವರಲ್ಲಿ, ಈ ಕೆಲಸಕ್ಕಿಳಿದ ಮನೆತನದ ಮೂರನೆಯ ತಲೆ, ಮಗಳು ಸುವರ್ಣಾ ಇದ್ದಳು. ಅಪ್ಪ ಎಡಬಿಡದೆ ಅಪ್ಪಣೆ ಕೊಡತೊಡಗಿದಾಗ ಆಕೆ, "ಸರೀರಿ ಯಜಮಾನ್ರ, ಗಾಳಿ ನಾ ನೋಡ್ಕೊಂಡೇನಿ" ಎಂದು ಪಕ್ಕಕ್ಕೆ ನಿಲ್ಲಿಸಿದಳು. ತಾಸಿನೊಳಗೆ ಬೆಂಕಿ ಆರಿತು; ಮನೆಯೂ ಉಳಿಯಿತು, ದನಗಳೂ ಉಳಿದವು.

ಮಾಳಿಂಗಪ್ಪನವರು ತಾವೇ ಚಹಾ ಮಾಡಿ ತಾಟಿನಲ್ಲಿಟ್ಟು ತಂದರು. ಸುವರ್ಣಾ ಮುಖದ ಮಸಿ ಒರೆಸಿಕೊಂಡು ಹಿಂದೆ ಸರಿದಳು.

"ಬ್ಯಾಡಪ್ಪಾ. ಮುತ್ಯಾ ಹಾಕಿದ ನೇಮ ನೀನೇ ಕಲಿಸಿದಿ."

ಉಳಿದ ಮೂವರೂ ಕೈ ಹಿಂದೆ ಕಟ್ಟಿ ನಿಂತರು. ನಾಲ್ಕು ಕಪ್ಪಿನ ತಾಟು ಇಷ್ಟು ಭಾರವೆಂದು ಮಾಳಿಂಗಪ್ಪನವರಿಗೆ ಅಂದೇ ತಿಳಿದದ್ದು. ಅಂದು ಚಹಾ ಹಿಡಿದು ನಿಂತಿದ್ದ ಕಾಶಿಬಾಯಿಯ ಮುಖ ನೆನಪಾಯಿತು.

"ಕುಡಿಯವ್ವಾ" ಎಂದರು. "ನನ್ನ ಒಲಿ ಇನ್ನಾ ಉರೀತದ ಅನ್ನೂದು ನನಗ ಖಾತ್ರಿ ಆಗ್ಲಿ."

ಅಪ್ಪನ ಮುಖ ನೋಡಿದ ಸುವರ್ಣಾ ಕಪ್ಪು ಎತ್ತಿಕೊಂಡು ಪೂರ್ತಿ ಕುಡಿದಳು. ಆಮೇಲೆ ಸಕ್ಕರೆ ಕಡಿಮೆಯಾಗಿದೆ ಎಂದು ತಕರಾರನ್ನೂ ತೆಗೆದಳು.

ಮರುದಿನ ಮಾಳಿಂಗಪ್ಪನವರು ತಂದೆಯ ಖಾಕಿ ಕೋಟು ತೊಟ್ಟು ಮೊದಲ ಬಸ್ಸಿಗೇ ಗಾಣಗಾಪುರಕ್ಕೆ ಹೋಗಿ, ತಲೆ ನೆರೆತ ಕಾಶಿಬಾಯಿಯ ಅಂಗಡಿಯ ಮುಂದೆ ನಿಂತರು. "ಇಪ್ಪತ್ತೆರಡು ವರ್ಷ ತಡಾ ಆತ್ರಿ. ಆ ಚಹಾ ಕುಡಿಯಾಕ ಬಂದೇನಿ." ಅಗ್ನಿಶಾಮಕ ದಳದ ಗುಂಡಿಗಳನ್ನು ನೋಡಿ ಗುರುತು ಹಿಡಿದ ಆಕೆ, ಒಲೆಯ ಮೇಲೆ ಚಹಾದ ಪಾತೆಲಿ ಇಟ್ಟಳು.

ಪರರ ಮನೆ ಕಾಯುವುದನ್ನೇ ಕುಲದ ಕಸುಬಾಗಿಸಿಕೊಂಡ ಇಂಥವರು ಏನನ್ನೂ ಬೇಡದೆ ಬಾಳಬಲ್ಲರು. ಆದರೆ ಕೊಟ್ಟದ್ದನ್ನು ಕೈಯೊಡ್ಡಿ ತೆಗೆದುಕೊಳ್ಳುವುದನ್ನು ಕಲಿಯಲು ಅವರಿಗೆ ಮೂರು ತಲೆಮಾರು ಬೇಕಾಗುತ್ತದೆ. ಬೆಂಕಿ ಆರಿದ ಮಾತ್ರಕ್ಕೆ ಮನೆ ಉಳಿಯುವುದಿಲ್ಲ. ಅದರ ಒಲೆಯ ಮೇಲೆ ಕುದಿದದ್ದನ್ನು ಹೊರಗಿನವರೊಬ್ಬರು ಕುಡಿದು ಕಪ್ಪನ್ನು ಕೆಳಗಿಟ್ಟಾಗ ಉಳಿಯುತ್ತದೆ.