ನಾಲ್ಕನೇ ಹಾಡಿನ ಕತ್ತಲು

ಗಾಜಿನ ಬಳೆಗಳು ಸಣ್ಣಗೆ ತಾಗಿದ ಸದ್ದು. ಹಿಂದೆಯೇ ಒಂದು ‘ಟಕ್’. ಗಿಟಾರ್ ತಟ್ಟನೆ ನಿಂತಿತು.

ನಡುರಾತ್ರಿ ಹೆಡ್‌ಫೋನ್ ಹಾಕಿ ಕೂತಿದ್ದ ಸುಪ್ರೀತಾ ಅಷ್ಟನ್ನೇ ಮತ್ತೆ ಮತ್ತೆ ಕೇಳಿದಳು.

ಕುಂಭಾಶಿಯ ಇದೇ ಮನೆಯ ಚಾವಡಿಯಲ್ಲಿ ಅವಳ ತಮ್ಮ ಕೀರ್ತನ್ ಮತ್ತು ಅವನ ಗೆಳೆಯ ಶೇಖರ 1999ರಲ್ಲಿ ಬ್ಯಾಟರಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ‘ಅಳಿವೆ’ ಎಂಬ ಆಲ್ಬಮ್ ಮಾಡಿದ್ದರು. ಪೋಸ್ಟ್-ಪಂಕ್ ಎನ್ನುವ ಒರಟು ಸಂಗೀತ. ರಾಗಕ್ಕಿಂತ ಗದ್ದಲ ಜಾಸ್ತಿ. ಆಗ ಯಾರೂ ಕೇಳಲಿಲ್ಲ. ಈಗ, 2013ರಲ್ಲಿ, ಮುಂಬಯಿಯ ಪತ್ರಿಕೆಯೊಂದು ಅದಕ್ಕೆ ನಮ್ಮ ನ್ಯೂ ವೇವ್ ಎಂಬ ಹೊಸ ಅಲೆಯ ಸಂಗೀತದಲ್ಲಿ ದೊಡ್ಡ ಜಾಗವನ್ನೇ ಕೊಟ್ಟಿತ್ತು. ಕಾರಣ ಈ ನಾಲ್ಕನೇ ಹಾಡು. ನಡುವೆ ಕರೆಂಟ್ ಹೋಗಿ ಎಲೆಕ್ಟ್ರಿಕ್ ಗಿಟಾರ್ ಇಲ್ಲವಾಗುತ್ತದೆ, ಡ್ರಮ್ ಒಂದೇ ಕತ್ತಲಲ್ಲಿ ಕೊನೆಯವರೆಗೂ ನಡೆಯುತ್ತದೆ. ಬೇರೆಯವರು ಥಳುಕು ಸೇರಿಸುತ್ತಿದ್ದಾಗ ಇವರು ಇದ್ದದ್ದನ್ನೂ ಬಿಟ್ಟುಕೊಟ್ಟರು ಎಂದು ಬರೆದಿದ್ದರು. ಆಕಸ್ಮಿಕಕ್ಕೆ ಹಾಡನ್ನು ಒಪ್ಪಿಸಿದೆವು ಎಂದು ಕೀರ್ತನ್ ಕೇಳಿದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ. ಹೊಸ ಸಿ.ಡಿ.ಗೆ ನಾಲ್ಕು ಮಾತು ಅಕ್ಕನೇ ಬರೆಯಬೇಕೆಂದು ಹಟ ಹಿಡಿದಿದ್ದ. ಟೇಪನ್ನು ಶುಚಿ ಮಾಡಿಸಿದ್ದರಿಂದ, ಇಷ್ಟು ವರ್ಷ ಗದ್ದಲದಲ್ಲಿ ಮುಚ್ಚಿಹೋಗಿದ್ದ ಬಳೆಯ ಸದ್ದು ಮೇಲೆದ್ದಿತ್ತು.

ಮೇನ್ ಸ್ವಿಚ್ ಇರುವುದು ಚಾವಡಿಯ ಬಾಗಿಲ ಪಕ್ಕದಲ್ಲಿ.

ಬೆಳಿಗ್ಗೆ ಅಮ್ಮ ಗಿರಿಜಾ ಕಾಯಿ ತುರಿಯುತ್ತಿದ್ದರು. ಕೈಯಲ್ಲಿ ಅದೇ ಸದ್ದು. ಅವತ್ತು ಕರೆಂಟ್ ಹೋದದ್ದು ಹೇಗೆಂದು ಸುಪ್ರೀತಾ ಮೆಲ್ಲಗೆ ಕೇಳಿದಳು.

“ಹೌದ್, ನಾನೇ ಆಫ್ ಮಾಡದ್ದ್,” ಎಂದರು ಅಮ್ಮ. “ನಿಮ್ಮಪ್ಪಯ್ಯ ಗೇಟಿನ್ ಹತ್ರ ಬಂದಿದ್ರ್. ಇನ್ನೊಂದ್ಸಲ ಆ ಗಿಟಾರ್ ಕಿರ್ಚೂದ್ ಕೇಂಡ್ರೆ ಮಾರಿ ಹಾಕ್ತೆ ಅಂದಿದ್ರ್. ಎಂತ ಮಾಡೂದ್? ಆ ಶೇಖರ ಒಬ್ಬ, ಕರೆಂಟ್ ಹೋದ್ರೂ ಬಡೂದ್ ನಿಲ್ಸಿಲ್ಲೆ.”

“ಅಪ್ಪಯ್ಯ ಎಂತ ಹೇಳ್ರ್?”

“ಡ್ರಮ್ಮಿಗ್ ಕರೆಂಟ್ ಬ್ಯಾಡ್ದಾ ಅಂದ್ ಕೇಂಡ್ರ್.” ಅಮ್ಮನ ಕೈ ನಿಂತಿತು. “ಹಾಡ್ ಹಾಳಾಯ್ತಾ ಮಗಾ?”

“ಇಲ್ಲಮ್ಮ. ಲಾಯ್ಕ್ ಆಯ್ತ್.”

ಅಷ್ಟರಲ್ಲಿ ಬ್ರಹ್ಮಾವರದಿಂದ ಕೀರ್ತನ್ ಬಂದ. ಹೆಗಲಲ್ಲಿ ಅದೇ ಹಳೆಯ ಗಿಟಾರ್.

“ಹ್ವಾಯ್ ಅಕ್ಕ, ಬರ್ದ್ ಆಯ್ತಾ? ನಾಲ್ಕ್‌ನೇ ಹಾಡಗೆ ಎಂತದೋ ಸಣ್ಣ ಸದ್ದ್ ಬತ್ತ್. ತೆಗ್ಸ್ಲಾ?”

ಸುಪ್ರೀತಾ ಅಡುಗೆಮನೆಯ ಕಡೆ ನೋಡಿದಳು. ಹೇಳಿದರೆ ಇನ್ನು ಆ ಹಾಡಿನಲ್ಲಿ ಇವನಿಗೆ ಕೇಳಿಸುವುದು ಅಪ್ಪಯ್ಯನ ಹೆಜ್ಜೆ ಮಾತ್ರ.

“ಇರ್ಲಿ ಬಿಡ್. ಚಂದ ಇತ್ತ್,” ಎಂದಳು.

ಬರೆದ ಹಾಳೆಯನ್ನು ಕೊಟ್ಟಳು. ಅದರಲ್ಲಿ ಕರೆಂಟ್ ಹೋಯಿತು ಎಂದಷ್ಟೇ ಇತ್ತು. ಉಳಿದದ್ದನ್ನು ಯಾರಿಗೂ ಹೇಳಬಾರದೆಂದು, ಅವನು ಓದುತ್ತಿರುವಾಗಲೇ, ಅವಳು ನಿಶ್ಚಯಿಸಿಕೊಂಡಳು.