ಗೌರಿ ಬಿದ್ದ ಊರು

೦

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ಮೂರು ದಿನ ತಲೆ ಕೆರೆದುಕೊಂಡೆ. ರೈಲಿನಿಂದ ಶುರು ಮಾಡಿದೆ, ಹಳಿ ತಪ್ಪಿತು. ಹಬ್ಬದಿಂದ ಶುರು ಮಾಡಿದೆ, ಕ್ಯಾಲೆಂಡರಿನ ಹಿಂಬದಿ ಓದಿದ ಹಾಗಾಯಿತು. ಕೊನೆಗೆ ಹರಿತಾಳೇ ದಾರಿ ತೋರಿಸಿದಳು: "ಸೊನ್ನೆಯಿಂದ ಶುರು ಮಾಡಿ ಅಂಕಲ್. ನಂಗೆ ಬಂದಿದ್ದು ಅದೇ ಅಲ್ವಾ?"

(ಹರಿತಾ ಯಾರು ಎಂದು ನೀವು ಹುಬ್ಬು ಗಂಟಿಕ್ಕುವ ಮೊದಲೇ ಹೇಳಿಬಿಡುತ್ತೇನೆ. ಗೌರಿಬಿದನೂರಿನ ಹುಡುಗಿ, ವಯಸ್ಸು ಹತ್ತು, ಐದನೇ ಕ್ಲಾಸು. ಪಾತ್ರವಾಗಿ ಕೆಲಸಕ್ಕೆ ಸೇರಿ ಅರ್ಧ ಪುಟ ಆಗಿಲ್ಲ, ಆಗಲೇ ನನಗೆ ಬುದ್ಧಿ ಹೇಳುತ್ತಾಳೆ.)

೧

ಸೊನ್ನೆ ಬಂದದ್ದು ಹೀಗೆ. ಗೌರಿ ಹಬ್ಬ ಇನ್ನೇನು ಮೂರು ದಿನ ಇದೆ ಎನ್ನುವಾಗ ಶ್ಯಾಮಲಮ್ಮ ಮೇಡಂ ಟೆಸ್ಟಿನಲ್ಲಿ ಒಂದು ಪ್ರಶ್ನೆ ಕೊಟ್ಟರು: ನಿಮ್ಮ ಊರಿಗೆ ಆ ಹೆಸರು ಹೇಗೆ ಬಂತು? ಹರಿತಾ ಅಡಿಷನಲ್ ಶೀಟ್ ಈಸಿಕೊಂಡು ಬರೆದಳು. ಗೌರಮ್ಮ ಪ್ರತಿ ವರ್ಷ ಕೈಲಾಸದಿಂದ ತವರಿಗೆ ಬರುತ್ತಾಳೆ. ತವರು ನಮ್ಮೂರೇ. ಕೈಲಾಸ ಹಿಂದೂಪುರದ ಆಚೆಗೆ ಇರುವುದರಿಂದ ರೈಲಿನಲ್ಲಿ ಬರುತ್ತಾಳೆ. ಮೊದಲ ಸಲ ಬಂದಾಗ ಅಮ್ಮನನ್ನು ನೋಡುವ ಆತುರಕ್ಕೆ ರೈಲು ನಿಲ್ಲುವ ಮುಂಚೆಯೇ ಇಳಿಯಲು ಹೋಗಿ ಬಿದ್ದಳು. ಅದಕ್ಕೇ ಇದು ಗೌರಿ ಬಿದ್ದ ಊರು. ಬಿದ್ದ ರಭಸಕ್ಕೆ 'ದ್ದ'ದ ಒತ್ತಕ್ಷರ ಕಳಚಿಕೊಂಡು ಹಳಿಯ ಮೇಲೆ ಉರುಳಿಹೋಯಿತು, ಇನ್ನೂ ಸಿಕ್ಕಿಲ್ಲ.

ಮೇಡಂ ಅದನ್ನು ಗಟ್ಟಿಯಾಗಿ ಓದಿದರು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. (ಬೇರೆ ಮಾತು ಹುಡುಕಿದೆ, ಸಿಗಲಿಲ್ಲ. ಕನ್ನಡದಲ್ಲಿ ನಗಬೇಕಾದರೂ ಬೀಳಲೇಬೇಕು.)

೨

ಇದನ್ನೆಲ್ಲ ಹೇಳಿಕೊಟ್ಟವರು ಹರಿತಾಳ ಅಜ್ಜಿ ಗಂಗುಲಮ್ಮ. ಇನ್ನು ಮುಂದೆ ಕಥೆ ಅವರ ಸೆರಗು ಹಿಡಿದುಕೊಂಡೇ ಹೋಗುತ್ತದೆ. ಯಾಕೆಂದರೆ ಕಳೆದುಕೊಳ್ಳಲು ಏನಾದರೂ ಇದ್ದದ್ದು ಅವರಿಗೇ. ಮಗ ಸೊಸೆ ಎಂಟಕ್ಕೆಲ್ಲ ಕೆಲಸಕ್ಕೆ ಹೊರಟರೆ ಮನೆಯಲ್ಲಿ ಅವರ ಮಾತು ಕೇಳುವ ಕಿವಿ ಎಂದರೆ ಮೊಮ್ಮಗಳದ್ದು ಮಾತ್ರ.

ಆರು ವರ್ಷದಿಂದ ಹಬ್ಬದ ಹಿಂದಿನ ಸಂಜೆ ಹರಿತಾ ಮೊರದಲ್ಲಿ ಚಿಟಿಕೆ ಅರಿಶಿನ, ಒಂದು ಬ್ಯಾಂಡ್‌ಏಡ್ ಇಡುತ್ತಿದ್ದಳು, ಗೌರಮ್ಮನ ಮೊಣಕಾಲಿಗೆ. ಬೆಳಗ್ಗೆ ಎದ್ದು ನೋಡಿದರೆ ಬ್ಯಾಂಡ್‌ಏಡ್ ಮಾಯ, ಅದರ ಜಾಗದಲ್ಲಿ ಹಸಿರು ಬಳೆ. ಆ ಹೊತ್ತಿನ ಅವಳ ಮುಖ ನೋಡಲು ಗಂಗುಲಮ್ಮ ವರ್ಷವಿಡೀ ಕಾಯುತ್ತಿದ್ದರು.

ಸೊನ್ನೆ ಬಂದ ದಿನ ಹರಿತಾ ಮನೆಗೆ ಬಂದವಳೇ ಬ್ಯಾಗು ಎಸೆದಳು. "ಅಜ್ಜೀ, ನೀನು ಸುಳ್ಳಿ," ಎಂದಳು. ಆಮೇಲೆ ಎರಡು ದಿನ ಮಾತೇ ಇಲ್ಲ.

೩ (ಹರಿದು ಹಾಕಿದ್ದು)

"ಗಂಗುಲಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಗೋಡೆಗೆ ಒರಗಿದರು..."

"ಏಮಪ್ಪಾ ಬರಿಯೋನೇ, ನಾನ್ಯಾಕೆ ಅಳ್ಬೇಕು? ಒಲೆ ಮೇಲೆ ಹೂರಣ ಇಟ್ಟಿದೀನಿ. ಅಳ್ತಾ ಕೂತ್ರೆ ತಳ ಹತ್ತುತ್ತೆ, ನೀನು ಬಂದು ತಿರುವ್ತೀಯಾ?"

ತಿರುವುವುದಿಲ್ಲ. ಹರಿದು ಹಾಕಿದೆ.

೩ (ಎರಡನೆಯ ಸಲ)

ಹಬ್ಬದ ಬೆಳಗ್ಗೆ ಅಜ್ಜಿ ಮೊಮ್ಮಗಳು ಸ್ಟೇಷನ್ನಿಗೆ ಹೋಗುತ್ತಾರೆ. ರೈಲು ಬರುತ್ತದೆ. ಹಸಿರು ಸೀರೆಯ ಹೆಂಗಸೊಬ್ಬಳು ಇಳಿಯುವಾಗ ಮುಗ್ಗರಿಸಿ...

"ಛೀ ಅಂಕಲ್, ಫುಲ್ ಸೀರಿಯಲ್ ಥರ ಇದೆ. ಆ ಆಂಟಿನ ಸುಮ್ ಸುಮ್ನೆ ಯಾಕೆ ಬೀಳಿಸ್ತೀರ?"

ನ್ಯಾಯವಾದ ಮಾತು. ಹೆಂಗಸನ್ನು ಎಬ್ಬಿಸಿ, ಸೀರೆಯ ಧೂಳು ಕೊಡವಿ, ಪೆರೇಸಂದ್ರದ ಬಸ್ಸು ಹತ್ತಿಸಿ ಕಳಿಸಿದೆ. ಇನ್ನು ಜನ್ಮದಲ್ಲಿ ರೈಲು ಹತ್ತುವುದಿಲ್ಲ ಎಂದರು.

೪

ನಾನು ಪೆನ್ನು ಕೆಳಗಿಟ್ಟೆ. ಅದಾದ ಮೇಲೇ ಏನೋ ನಡೆದದ್ದು ನೋಡಿ.

ಹಬ್ಬದ ಹಿಂದಿನ ಸಂಜೆ. ಮೊರ ಖಾಲಿ. ಗಂಗುಲಮ್ಮ ಅಡುಗೆಮನೆಯಲ್ಲಿ ಕಡುಬು ಒತ್ತುತ್ತಿದ್ದರು. ಹರಿತಾ ಹೊಸ್ತಿಲ ಹತ್ತಿರ ಬೆನ್ನು ತಿರುಗಿಸಿ ಕೂತಿದ್ದಳು. ಗಂಗುಲಮ್ಮ ಆ ಪುಟ್ಟ ಬೆನ್ನನ್ನು ನೋಡಿದರು. ಈ ಕೂಸು ಇನ್ನು ನನ್ನ ಯಾವ ಮಾತನ್ನೂ ನಂಬುವುದಿಲ್ಲ, ಕೇಳುವುದೂ ಇಲ್ಲ ಎಂದು ಹೆದರಿದರು.

"ಗೌರಮ್ಮ ಬಿದ್ದಿಲ್ಲ ಕಣಮ್ಮ."

"ಗೊತ್ತು."

"ಬಿದ್ದಿದ್ದು ನಾನು."

ಬೆನ್ನು ತಿರುಗಿ ಮುಖವಾಯಿತು.

"ಹಿಂದೂಪುರದ ಕಡೆಯಿಂದ ಮದುವೆ ಮಾಡಿ ಕರ್ಕೊಂಡ್ ಬಂದ್ರಲ್ಲ, ಆವತ್ತು. ರೈಲು ನಿಂತಿರ್ಲಿಲ್ಲ, ನಾನು ಇಳಿದ್‌ಬಿಟ್ಟೆ. ಗಂಡಿನ ಕಡೆಯೋರೆಲ್ಲಾರ ಮುಂದೆ ಮೊಣಕಾಲೂರಿ ಬಿದ್ದೆ. ಅತ್ತೆ ನಕ್ರು, ಮಾವ ನಕ್ರು, ಟೀ ಮಾರೋನೂ ನಕ್ಕ. ಬೀದಿಯೋರೆಲ್ಲ 'ಪಡಿನ ಕೋಡಲು' ಅನ್ನೋರು, ಬಿದ್ದ ಸೊಸೆ ಅಂತ. ನಾನು ಬಿದ್ರೆ ನಗ್ತಾರೆ. ಗೌರಮ್ಮ ಬಿದ್ರೆ ಯಾರಾದ್ರೂ ನಗ್ತಾರಾ? ಅದಕ್ಕೇ ಅವಳನ್ನ ಬೀಳಿಸ್ದೆ."

ಗಂಗುಲಮ್ಮ ಇನ್ನೊಂದು ಕಡುಬು ಒತ್ತಿದರು.

"ನೀನು ನಾಕು ವರ್ಷದೋಳು, ಕಥೆ ಕೇಳ್ಬಿಟ್ಟು 'ಗೌರಮ್ಮಂಗೆ ನೋವಾಯ್ತಾ ಅಜ್ಜಿ?' ಅಂದೆ. ಐವತ್ತು ವರ್ಷದಲ್ಲಿ ಅದನ್ನ ಕೇಳ್ದೋಳು ನೀನೊಬ್ಳೇ ಕಣಮ್ಮ."

(ಗಂಗುಲಮ್ಮ ಆಗಲೂ ಅಳಲಿಲ್ಲ. ಅತ್ತದ್ದು ನಾನು. ಹೂರಣ ತಳ ಹತ್ತಿತು.)

ಹರಿತಾ ಎದ್ದು ಒಳಗೆ ಬಂದು ನಿಂತಳು. ಆಮೇಲೆ ವಕೀಲರ ಹಾಗೆ ಕೇಳಿದಳು: "ಹಂಗಾದ್ರೆ 'ನ' ಎಲ್ಲಿಂದ ಬಂತು? ಬಿದ್ದ, ಊರು, ಎರಡೂ ಸೇರಿದ್ರೆ ಗೌರಿಬಿದ್ದೂರು ಆಗ್ಬೇಕು. ಮೇಡಂ ಹೇಳಿದ್ರು."

"ಬಿದ್ದಾಗ 'ನನ್ನಮ್ಮಾ' ಅಂತ ಕೂಗ್ದೆ. ರೈಲಿನ ಸದ್ದಲ್ಲಿ 'ನ' ಒಂದೇ ಕೇಳಿಸ್ತು."

"ಸುಳ್ಳು!"

"ಸುಳ್ಳೇ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಯಾರು ನಕ್ಕರೋ ನನಗೆ ಗೊತ್ತಾಗಲಿಲ್ಲ. ಹರಿತಾ ನಗುತ್ತಾ ನಗುತ್ತಾ ಅಜ್ಜಿಯ ಹಿಟ್ಟಿನ ಕೈಗೇ ಬಂದು ಬಿದ್ದಳು.

೫ ಅಥವಾ ೫

ಬೆಳಗ್ಗೆ ಮೊರದಲ್ಲಿ ಬಳೆ ಇತ್ತೇ ಎಂದು ನೀವು ಕೇಳುತ್ತೀರಿ. ಇತ್ತು ಎಂದು ಒಂದು ಸಲ ಬರೆದೆ. ಇರಲಿಲ್ಲ ಎಂದೂ ಬರೆದೆ. ಅಜ್ಜಿಗೇ ಮೊಮ್ಮಗಳು ಬಳೆ ಇಟ್ಟಳು ಎಂದೂ ಬರೆದು, ಎಷ್ಟು ಚೆನ್ನಾಗಿದೆಯಪ್ಪಾ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನಿಮಗೆ ಬೇಕಾದದ್ದು ಇಟ್ಟುಕೊಳ್ಳಿ. ಅಷ್ಟರಲ್ಲಿ ಒಳಗೆ ಅದಕ್ಕಿಂತ ಮುಖ್ಯವಾದದ್ದು ನಡೆಯುತ್ತಿತ್ತು.

"ಅಜ್ಜೀ, ಶಿಡ್ಲಘಟ್ಟದಲ್ಲಿ ಯಾರು ಬಿದ್ರು?"

"ಅದೆಲ್ಲ ಸುಳ್ಳು ಕಣಮ್ಮ. ಯಾಕೆ ಬಿಡು."

"ಸುಳ್ಳು ಅಂತ ಗೊತ್ತಿದ್ದೇ ಕೇಳ್ತಿದೀನಿ. ಹೇಳು."

ಗಂಗುಲಮ್ಮನ ಕೈ ಒಂದು ಗಳಿಗೆ ಕಡುಬಿನ ಮೇಲೆಯೇ ನಿಂತಿತು. ಇಂಥ ಸುಖ ಅವರಿಗೆ ಆರು ವರ್ಷದಲ್ಲಿ ಒಮ್ಮೆಯೂ ಆಗಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ನೀನಿನ್ನೂ ಇಲ್ಲೇ ಇದೀಯಾ? ಹೇಳಿದ್ರೆ ಬರ್ಕೊಂಡ್‌ಬಿಡ್ತೀಯ. ಆಚೆ ನಡಿಯಪ್ಪ."

ಬಾಗಿಲು ಹಾಕಿಕೊಂಡರು. ಕಿವಿ ಹಚ್ಚಿದೆ. "ಒಂದಿನ ಸಿಡಿಲಿಗೆ ಮದುವೆ ಗೊತ್ತಾಯ್ತು. ಹೆಣ್ಣು ಚಿಂತಾಮಣಿಯೋಳು, ಯಾವಾಗ್ನೋಡಿದ್ರೂ ಬರೀ ಚಿಂತೆ..." ಎನ್ನುವಷ್ಟರಲ್ಲಿ ಕುಕ್ಕರು ಕೂಗಿತು, ಮುಂದಿನದು ಕೇಳಿಸಲಿಲ್ಲ. ನೀವು ನನ್ನ ಹಿಂದೆ ತಳ್ಳಾಡಬೇಡಿ, ಬಾಗಿಲು ತೆಗೆಯುವುದಿಲ್ಲ. ಒಳಗಿನಿಂದ ಹರಿತಾಳ ದನಿ ಮಾತ್ರ ಬರುತ್ತಿದೆ:

"ಆಮೇಲೆ, ಅಜ್ಜೀ? ಆಮೇಲೆ?"